ನಾಗಮಣಿಯ ಲಾ ಸೀಟು

ಚಾಮರಾಜನಗರದ ಕೋರ್ಟಿನ ಆವರಣದಲ್ಲಿ ನಾಗಮಣಿಯನ್ನು ‘ಲಾಯರಮ್ಮ’ ಎಂದು ಕೂಗುತ್ತಿದ್ದವರಿಗೆ ಲೆಕ್ಕವಿಲ್ಲ. ಅವಳು ಲಾಯರಲ್ಲ, ವಕೀಲ ಗುರುಪಾದಸ್ವಾಮಿಯ ಗುಮಾಸ್ತೆ. ಹಳ್ಳಿಯಿಂದ ಬರುವ ಕಕ್ಷಿದಾರರಿಗೆ ಆ ವ್ಯತ್ಯಾಸವೆಲ್ಲ ಯಾಕೆ ಬೇಕು? ತಾರೀಖು ಹೇಳುವವಳು ಅವಳು, ಆರ್ಡರಿನ ನಕಲು ತೆಗೆಸಿಕೊಡುವವಳು ಅವಳು, ಅಮೀನನಿಗೆ ಟೀ ಕುಡಿಸಿ ನೋಟೀಸು ಜಾರಿ ಮಾಡಿಸುವವಳೂ ಅವಳೇ. ಹರದನಹಳ್ಳಿಯಿಂದ ಎಂಟೂವರೆ ಬಸ್ಸಿಗೆ ಬಂದು ಆಫೀಸಿನ ಬೀಗ ತೆಗೆಯುತ್ತಿದ್ದಳು. ಬುಧವಾರ, ಶುಕ್ರವಾರ ಫೈಲಿನ ಚೀಲ ಹೊತ್ತು ತೆರಕಣಾಂಬಿ ಮೇಲಿಂದ ಗುಂಡ್ಲುಪೇಟೆ ಕೋರ್ಟಿಗೂ ಹೋಗಬೇಕು. ಅಲ್ಲಿ ಲಾರಿ ಅಪಘಾತದ ಕೇಸುಗಳೇ ಜಾಸ್ತಿ. ಕೇರಳದ ಡ್ರೈವರುಗಳಿಗೆ ‘ಇವಿಡೆ ಒಪ್ಪು’ ಎಂದು ರುಜು ಹಾಕುವ ಜಾಗ ತೋರಿಸುವಷ್ಟು ಮಲಯಾಳವನ್ನೂ ಕಲಿತುಬಿಟ್ಟಿದ್ದಳು, ಗಟ್ಟಿಗಿತ್ತಿ.

ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ತಾಯಿ ಹಾಸಿಗೆ ಹಿಡಿದದ್ದರಿಂದ ಅವಳು ಪಿಯುಸಿ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ತಾಯಿ ಹೋದ ಮೇಲೆ ಟೈಪಿಂಗ್ ಕಲಿತು, ಇಪ್ಪತ್ತೆರಡನೇ ವಯಸ್ಸಿಗೆ ಈ ಆಫೀಸು ಸೇರಿದಳು. ಲಾ ಓದುವ ಹುಚ್ಚು ಹತ್ತಿಸಿದವನೂ ಈ ಗುರುಪಾದಸ್ವಾಮಿಯೇ. ‘ಹತ್ತಿಸಿದವರು’ ಎನ್ನಬೇಕು, ವಯಸ್ಸಿನಲ್ಲಿ ದೊಡ್ಡ ಮನುಷ್ಯ. ಆದರೆ ಮಾಡಿದ್ದನ್ನು ನೆನೆದರೆ ಬಹುವಚನ ಬಾಯಿಗೆ ಬರುವುದಿಲ್ಲ.

“ನೋಡಮ್ಮಿ, ಕೋರ್ಟಲ್ಲಿ ನಿಂತು ಮಾತಾಡೋ ತಲೆ ನಿಂದು. ಒಂದು ಡಿಗ್ರಿ ಮಾಡ್ಕೊಂಡು ಬಾ, ಮೂರು ವರ್ಷದ ಎಲ್‌ಎಲ್‌ಬಿಗೆ ನಾನೇ ಸೇರಿಸ್ತೀನಿ. ಇದೇ ಆಫೀಸಲ್ಲಿ ನಿಂಗೂ ಒಂದು ಟೇಬಲ್ ಹಾಕುಸ್ತೀನಿ” ಎಂದಿದ್ದ.

ಅಷ್ಟು ಸಾಕಾಯಿತು ಅವಳಿಗೆ. ಪಿಯುಸಿ ಇಲ್ಲದವರೂ ಒಂದು ಪ್ರವೇಶ ಪರೀಕ್ಷೆ ಬರೆದು ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಬಿಎಗೆ ಸೇರಬಹುದಿತ್ತು. ಸೇರಿದಳು. ಬಸ್ಸಿನಲ್ಲಿ ಓದಿದಳು, ಜಡ್ಜ್ ರಜೆ ಹಾಕಿದ ದಿನ ಕೋರ್ಟಿನ ಜಗಲಿಯಲ್ಲಿ ಕೂತು ಓದಿದಳು. 2007ರಲ್ಲಿ ಶೇಕಡಾ ಐವತ್ತೆರಡು ತೆಗೆದು ಪಾಸಾದಳು. ಲಾಗೆ ಬೇಕಾದದ್ದು ನಲವತ್ತೈದು. ಅರಿಶಿನದ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಅವಳಪ್ಪ ಚಿಕ್ಕಮಾದಯ್ಯ ಊರಿನ ಹೋಟೆಲಿನಲ್ಲಿ ಅವತ್ತು ಎಲ್ಲರಿಗೂ ಟೀ ಕೊಡಿಸಿ, “ನಮ್ ಮಗ ಲಾಯರಾಯ್ತದೆ ಕಣ್ಲಾ, ಇನ್ಮೇಕೆ ನಂಜೊತೆ ನ್ಯಾಯವಾಗಿ ಮಾತಾಡ್ಬೇಕು” ಎಂದು ಹೆದರಿಸಿದ್ದನಂತೆ.

ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬೆಳಗಿನ ತರಗತಿಗಳಿದ್ದವು. ವರ್ಷದ ಫೀಸು ಹನ್ನೊಂದು ಸಾವಿರ, ಅದರ ಮೇಲೆ ರೈಲಿನ ಪಾಸು, ಪುಸ್ತಕ, ಪರೀಕ್ಷಾ ಶುಲ್ಕ. ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಟ್ಟಿದ್ದನ್ನು ಮುರಿಸಿ ತಂದಳು. “ನೀ ಯಾಕೆ ಅಲೀತೀಯಾ, ಪ್ರಿನ್ಸಿಪಾಲರು ನಂಗೆ ಬೇಕಾದೋರು. ಅರ್ಜಿ, ಫೀಸು ಎಲ್ಲಾ ನಾನೇ ಕಟ್ಟಿ ಬರ್ತೀನಿ. ಇರ್ಲಿ, ಈ ಎರಡು ಹಾಳೆಗೂ ಒಂದು ರುಜು ಹಾಕು, ಅಫಿಡವಿಟ್ಟಿಗೆ ಬೇಕಾಗ್ತದೆ” ಎಂದ ಗುರುಪಾದಸ್ವಾಮಿ. ಎರಡೂ ಖಾಲಿ ಹಾಳೆ. ಕೆಳಗೆ ಪೆನ್ಸಿಲ್ಲಿನ ಸಣ್ಣ ಗುರುತು.

ಬೇರೆ ಯಾರಾದರೂ ಆಗಿದ್ದರೆ ಒಂದು ಗಳಿಗೆ ಹಿಂದೆಮುಂದೆ ನೋಡುತ್ತಿದ್ದರೋ ಏನೋ. ವಕೀಲರ ಆಫೀಸಿನಲ್ಲಿ ಏಳು ವರ್ಷ ಕಳೆದವಳಿಗೆ ಖಾಲಿ ಹಾಳೆ ಎಂದರೆ ಅಂಜಿಕೆ ಎಲ್ಲಿಂದ ಬರಬೇಕು? ಬಂದ ಪ್ರತಿ ಕಕ್ಷಿದಾರನಿಂದ ಖಾಲಿ ವಕಾಲತ್ತಿಗೆ, ಖಾಲಿ ಹಾಳೆಗೆ ಆ ಪೆನ್ಸಿಲ್ ಗುರುತಿನ ಮೇಲೆ ರುಜು ಹಾಕಿಸುವುದೇ ಅವಳ ಕೆಲಸ. ‘ಏನೂ ಆಗಲ್ಲ, ಹಾಕಿ’ ಎಂದು ಎಷ್ಟು ಜನಕ್ಕೆ ಹೇಳಿದ್ದಳೋ. ತಾನೂ ಹಾಕಿದಳು, ನಗುನಗುತ್ತಾ.

ತಿಂಗಳಾದ ಮೇಲೆ ಗುರುಪಾದಸ್ವಾಮಿ ಮುಖ ಸಣ್ಣದು ಮಾಡಿಕೊಂಡು ಬಂದ. ಸೀಟು ಭರ್ತಿಯಾಗಿವೆಯಂತೆ, ಮುಂದಿನ ವರ್ಷ ನೋಡೋಣ ಎಂದ. ಹನ್ನೊಂದು ಸಾವಿರವನ್ನೂ ಒಂದು ಪೈಸೆ ಬಿಡದೆ ಎಣಿಸಿ ಕೈಗಿತ್ತ. ಈ ಕಾಲದಲ್ಲಿ ಇಂಥವರೂ ಇದ್ದಾರಲ್ಲ ಎಂದು ನಾಗಮಣಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅಯ್ಯೋ ಶಿವನೇ! ಮರುವರ್ಷ ಕೇಳಿದರೆ, ಈ ವರ್ಷ ಕೆಲಸ ಜಾಸ್ತಿ, ಬರುವ ವರ್ಷ ಖಂಡಿತ ಎಂದ. ಅದಕ್ಕೂ ಹೂಂ ಅಂದಳು.

2009ರ ಜುಲೈಯಲ್ಲಿ ಒಂದು ಮಂಗಳವಾರ, ಸಾಹೇಬರಿಗೆ ಎಷ್ಟು ಸಲ ತೊಂದರೆ ಕೊಡುವುದು ಎಂದುಕೊಂಡು ರಜೆ ಹಾಕಿ ತಾನೇ ಮೈಸೂರಿಗೆ ಹೋದಳು. ಕಾಲೇಜಿನ ಗುಮಾಸ್ತ ಅವಳ ಕಾಗದಗಳನ್ನು ತಿರುವಿ ಹಾಕಿ, “ಪಿಯುಸಿ ಮಾರ್ಕ್ಸ್ ಕಾರ್ಡ್ ಎಲ್ಲಮ್ಮ?” ಎಂದ.

“ಪಿಯುಸಿ ಮಾಡಿಲ್ಲ ಸಾರ್, ಡೈರೆಕ್ಟ್ ಡಿಗ್ರಿ.”

“ಹಂಗಾದ್ರೆ ಆಗಲ್ಲ. ವಕೀಲರ ಪರಿಷತ್ತಿನವರು ಹೊಸ ನಿಯಮ ಮಾಡಿದಾರೆ. ಪಿಯುಸಿ ಇಲ್ಲದೆ ನೇರ ಡಿಗ್ರಿ ಮಾಡಿದವರನ್ನ ಲಾಗೆ ತಗೊಳ್ಳೋ ಹಂಗಿಲ್ಲ. ಎರಡು ವರ್ಷ ಮುಂಚೆ ಬರಬೇಕಿತ್ತು ನೀವು.”

“ಆಗ್ಲೇ ಹಾಕಿದ್ದೆ ಸಾರ್. ನಮ್ ಸಾಹೇಬ್ರು ಅರ್ಜಿ ಕೊಟ್ಟಿದ್ರು. ಸೀಟಿರಲಿಲ್ವಂತೆ.”

“ಆ ವರ್ಷ ಸೀಟಿರಲಿಲ್ವಾ? ಯಾರ್ ಹೇಳಿದ್ದು? ಹದಿನೈದು ಸೀಟು ಖಾಲಿ ಉಳಿದಿತ್ತು. ನಿಮ್ಮ ಹಂಗೇ ನೇರ ಡಿಗ್ರಿಯವರು ಇಬ್ಬರು ಆಗ ಸೇರಿದ್ರು, ಈಗ ಕೊನೇ ವರ್ಷದಲ್ಲಿದಾರೆ” ಎನ್ನುತ್ತಾ ಆತ ತೋರಿಸಲೆಂದೇ ಹಳೆಯ ದಾಖಲಾತಿ ಪುಸ್ತಕ ತೆಗೆದ.

ಇಬ್ಬರಲ್ಲ, ಮೂವರಿದ್ದರು. ನಲವತ್ತೊಂದನೇ ಸಾಲಿನಲ್ಲಿ ‘ನಾಗಮಣಿ, ತಂದೆ ಚಿಕ್ಕಮಾದಯ್ಯ, ಹರದನಹಳ್ಳಿ’ ಎಂದಿತ್ತು. ಮೇಲೆ ಕೆಂಪು ಗೀಟು. ಗುಮಾಸ್ತ ಫೈಲು ಹುಡುಕಿ ತಂದ. ಅದರೊಳಗೊಂದು ಪತ್ರ. ಸೇರಿದ ಇಪ್ಪತ್ತನೇ ದಿನಕ್ಕೆ, ಮನೆಯ ತೊಂದರೆಯಿಂದ ಸ್ವಇಚ್ಛೆಯಿಂದ ಸೀಟು ಬಿಡುತ್ತಿದ್ದೇನೆ, ಕಟ್ಟಿದ ಹಣವನ್ನು ಪತ್ರ ತಂದವರ ಕೈಗೆ ಕೊಡಬೇಕು ಎಂದು ಅಚ್ಚುಕಟ್ಟಾಗಿ ಟೈಪಾಗಿತ್ತು. ಕೆಳಗೆ ಅವಳದೇ ರುಜು. ಅಳಿಸಲು ಮರೆತ ಪೆನ್ಸಿಲ್ ಗುರುತೂ ಹಾಗೇ ಇತ್ತು.

ನಾಗಮಣಿ ಆ ಪತ್ರದ ಜೆರಾಕ್ಸ್ ಮಾಡಿಸಿಕೊಂಡು ಹೊರಬಿದ್ದಳು. ಕದ್ದಿದ್ದರೆ, ದುಡ್ಡು ಕದ್ದಿದ್ದರೆ ಆಗುತ್ತಿತ್ತು, ಇನ್ನೊಂದು ಸಲ ದುಡಿದು ಕೂಡಿಸುತ್ತಿದ್ದಳು. ರೈಲಿನಲ್ಲಿ ನಂಜನಗೂಡು ದಾಟುವವರೆಗೂ ಅವಳ ತಲೆಯಲ್ಲಿ ಒಂದೇ ಮಾತು, ನಾನು ಅವನ ಕಾಲು ಮುಟ್ಟಿದೆನಲ್ಲ.

ನೆಟ್ಟಗೆ ಆಫೀಸಿಗೆ ಬಂದಳು. ಪತ್ರದ ಜೆರಾಕ್ಸನ್ನು ಅವನ ಮುಂದಿಟ್ಟಳು. ಅವನು ಕನ್ನಡಕ ಏರಿಸಿ ಓದಿ, ಬೇರೆ ಯಾರದೋ ಕೇಸಿನ ಕಾಗದವೆಂಬಂತೆ ಪಕ್ಕಕ್ಕೆ ಸರಿಸಿದ.

“ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣಮ್ಮ. ಮೊದಲು ಸೇರಿಸ್ದೆ, ಸುಳ್ಳಲ್ಲ. ಆಮೇಲೆ ಯೋಚನೆ ಮಾಡ್ದೆ. ಬೆಳಿಗ್ಗೆ ಹೊತ್ತು ನೀನು ಮೈಸೂರಲ್ಲಿ ಕೂತ್ರೆ ಗುಂಡ್ಲುಪೇಟೆ ಕೋರ್ಟಿಗೆ ಹೋಗೋರ್ಯಾರು? ಕೋಟ್ ಹಾಕ್ಕೊಂಡು ಮರದ ಕೆಳಗೆ ನಿಂತಿರೋ ಲಾಯರುಗಳು ಕಮ್ಮಿನಾ? ಇಲ್ಲಿ ನಿಂಗೇನು ಕಮ್ಮಿ ಮಾಡಿದೀನಿ?”

“ನಿಮ್ಮನ್ನ ನಮ್ ತಂದೆ ಸಮ ಅಂದ್ಕಂಡಿದ್ದೆ ಸಾರ್. ನಂಬ್ಸಿ ಕತ್ತು ಕುಯ್ದುಬುಟ್ರಲ್ಲ. ಇರೋದೊಂದು ಬಾಗ್ಲು, ಅದ್ನೂ ಮುಚ್ಬುಟ್ರಲ್ಲ” ಎಂದಳು. ಕೂಗಾಡಬೇಕೆಂದೇ ಬಂದಿದ್ದಳು, ಧ್ವನಿಯೇ ಏಳಲಿಲ್ಲ.

“ಹೊಸ ರೂಲ್ ಬರ್ತದೆ ಅಂತ ನಂಗೇನು ಕನಸು ಬಿದ್ದಿತ್ತಾ? ರುಜು ನಿಂದೇ ತಾನೇ? ಹೋಗ್ಲಿ ಬುಡು, ಮುಂದಿನ ತಿಂಗಳಿಂದ ಐನೂರು ಜಾಸ್ತಿ ಮಾಡ್ತೀನಿ.” ಹೀಗೆಂದವನು ಡೈರಿ ಎಳೆದುಕೊಂಡು, ಏನೂ ಆಗಿಲ್ಲವೆಂಬಂತೆ, “ನಾಳೆ ಗುಂಡ್ಲುಪೇಟೇಲಿ ಯಾವ್ಯಾವುದಿದೆ?” ಎಂದು ಕೇಳಿದ.

“ಮೂರಿವೆ ಸಾರ್. ಏಳನೇ ನಂಬರು ದೊಡ್ಡಮಲ್ಲಮ್ಮನ ಪಾಲಿನ ದಾವ, ಹದಿನಾಲ್ಕು ಲಾರಿ ಕೇಸು...”

ತನ್ನ ಬಾಯಿ ತಾನಾಗೇ ಉತ್ತರ ಕೊಡುತ್ತಿದೆ ಎಂದು ಆಗ ಅವಳಿಗೆ ಗೊತ್ತಾಯಿತು. ಥೂ, ಎಂಥ ಅಭ್ಯಾಸ! ಅವನು ಪೆನ್ನು ಹಿಡಿದು ಮೂರನೆಯದಕ್ಕೆ ಕಾಯುತ್ತಿದ್ದ. ಅವಳು ಆಫೀಸಿನ ಬೀಗದ ಕೈ ತೆಗೆದು ಆ ಡೈರಿಯ ಮೇಲಿಟ್ಟಳು.

“ಅದ್ನ ನೀವೇ ಹುಡಿಕ್ಕಳಿ” ಎಂದು ಹೊರಟುಬಂದಳು.

ಊರಿನ ಬಸ್ ಸ್ಟಾಪಿನಲ್ಲೇ ಚಿಕ್ಕಮಾದಯ್ಯ ಕಾಯುತ್ತಾ ನಿಂತಿದ್ದ. ಹೊಲದಿಂದ ಬಂದವನು ಕೈಕಾಲು ತೊಳೆದು ಒಗೆದ ಅಂಗಿ ಹಾಕಿಕೊಂಡಿದ್ದ.

“ಮೈಸೂರ್ಗೆ ಓದ ಕೆಲ್ಸ ಏನಾಯ್ತು ಮಗ? ಸೀಟು ಸಿಕ್ತಾ?”

“ಸಿಕ್ಕಿತ್ತು ಕಣಪ್ಪ. ಎರಡು ವರ್ಸದ ಹಿಂದೇನೇ ಸಿಕ್ಕಿತ್ತು.”

ಚಿಕ್ಕಮಾದಯ್ಯ ಒಂದು ಗಳಿಗೆ ಬೆರಳು ಮಡಚಿ ಲೆಕ್ಕ ಹಾಕಿದ. ಅವನ ಮುಖವೆಲ್ಲ ಅರಳಿತು.

“ಎರಡು ವರ್ಸ ಆಗೋಯ್ತಾ! ಅಂಗಾರೆ ಬರೋ ವರ್ಸಕ್ಕೆ ಮುಗ್ದೋಯ್ತದೆ ಕಣಮ್ಮಿ!”

ನಾಗಮಣಿ ಅಪ್ಪನ ಅಂಗಿ ಹಿಡಿದುಕೊಂಡು, ಬಸ್ಸಿಳಿದ ಜನವೆಲ್ಲ ನಿಂತು ನೋಡುವಂತೆ ಅತ್ತಳು.