ತೀರ್ಪಿನ ಭಾರ ಹೊತ್ತವರು: ನ್ಯಾಯಾಧೀಶೆ ಹಿಲರಿ ಪೆಂಗೆಲಿ

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಕುಟುಂಬ ನ್ಯಾಯಾಲಯಗಳಲ್ಲಿ ಕಳೆದ ಎರಡು ದಶಕಗಳ ಕಾಲ, ಹೆತ್ತವರಿಂದಲೇ ಹಿಂಸೆಗೊಳಗಾದ ಮಕ್ಕಳು ಮುಂದೆ ಯಾರ ಮನೆಯಲ್ಲಿ ಬೆಳೆಯಬೇಕು ಎಂಬ ಪ್ರಶ್ನೆಗೆ ಉತ್ತರ ಬರೆದವರಲ್ಲಿ ಈಗ ನಿವೃತ್ತರಾಗುತ್ತಿರುವ ಮಾನ್ಯ ನ್ಯಾಯಾಧೀಶೆ ಹಿಲರಿ ಪೆಂಗೆಲಿ ಅವರದು ಮೊದಲ ಸಾಲಿನ ಹೆಸರು. ಆ ಉತ್ತರಗಳಲ್ಲಿ ಒಂದಾದರೂ ಅವರಿಗೆ ಸಂತೋಷ ಕೊಟ್ಟಿತೆಂದು, ಹದಿನೇಳು ವರ್ಷ ಅವರ ಗುಮಾಸ್ತನಾಗಿದ್ದ ನಾನು ಹೇಳಲಾರೆ.

ನಾನು ಸೇರಿದ ವರ್ಷವೇ ನನ್ನ ಹೆಂಡತಿ ಹಾಸಿಗೆ ಹಿಡಿದಳು. ಆರು ವಾರ ನನ್ನ ಪಾಲಿನ ಕಡತಗಳನ್ನೂ ತಾವೇ ಜೋಡಿಸಿಕೊಂಡು, ಅದನ್ನು ಯಾರಿಗೂ ಹೇಳದೆ ನಡೆಸಿಕೊಂಡು ಹೋದವರು ಅವರು. ಮಕ್ಕಳು ಬಂದ ದಿನ ಎತ್ತರದ ಪೀಠ ಬಿಟ್ಟಿಳಿದು, ಸಾದಾ ಮೇಜಿನ ಬಳಿ ಅವರ ಪಕ್ಕದಲ್ಲೇ ಕೂರುತ್ತಿದ್ದರು.

ಟ್ಯಾಮ್ಸಿನ್‌ಳ ಪ್ರಕರಣ ಬಂದದ್ದು ನನ್ನ ಮೂರನೆಯ ವರ್ಷ. ಅವಳಿಗೆ ಹತ್ತು, ತಮ್ಮ ಜೋರಿಗೆ ಮೂರು. ಮಲತಂದೆಯ ಬೆಲ್ಟಿನ ಗುರುತು ಇಬ್ಬರ ಮೈಮೇಲೂ ಇತ್ತು. ತಾಯಿ ಕಂಡೂ ಸುಮ್ಮನಿದ್ದಳು. ಜೋರಿಯನ್ನು ದತ್ತು ತೆಗೆದುಕೊಳ್ಳಲು ಒಳ್ಳೆಯ ದಂಪತಿಗಳು ಸಿದ್ಧರಿದ್ದರು, ಆದರೆ ದೊಡ್ಡ ಹುಡುಗಿ ಅವರಿಗೆ ಬೇಡ. ಮಕ್ಕಳ ಇಲಾಖೆಯ ಸಲಹೆ ಸ್ಪಷ್ಟವಾಗಿತ್ತು: ತಮ್ಮ ದತ್ತು ಹೋಗಲಿ, ಅಕ್ಕ ಸಾಕುಮನೆಯಲ್ಲಿರಲಿ. ದತ್ತು ಹೋದರೆ ಕಾನೂನಿನ ಪ್ರಕಾರ ಹೊಸ ಅಪ್ಪ, ಹೊಸ ಅಮ್ಮ. ಸಾಕುಮನೆಯಾದರೆ ಹದಿನೆಂಟರವರೆಗೂ ಇಲಾಖೆಯ ಮಗು. ಶಾಲೆಯ ಪ್ರವಾಸಕ್ಕೂ ಅಧಿಕಾರಿಯೊಬ್ಬರ ಸಹಿ ಬೇಕು.

ಆದರೆ ಆ ಮಗುವಿಗೆ ಅನ್ನ ತಿನ್ನಿಸಿ, ಮಲಗಿಸಿ, ಏಟು ಬೀಳುವಾಗ ಅಡ್ಡ ನಿಂತವಳು ಟ್ಯಾಮ್ಸಿನ್. ತಮ್ಮನನ್ನು ಬಿಟ್ಟಿರಲಾರೆನೆಂದು ಅವಳು ಹಟ ಹಿಡಿದಳು. ಪೆಂಗೆಲಿ ಅವರು ಒಂದು ವಾರ ಯೋಚಿಸಿ, ಸಾಕುಮನೆ ನಡೆಸುತ್ತಿದ್ದ ಮೀನುಗಾರನ ವಿಧವೆ ಡಿಲಿಸ್ ರೋಸ್ವಾರ್ನ್ ಅವರ ಮನೆಯಲ್ಲಿ ಇಬ್ಬರೂ ಒಟ್ಟಿಗೆ, ದೊಡ್ಡವರಾಗುವವರೆಗೂ ಇರಲಿ ಎಂದು ಆದೇಶಿಸಿದರು.

ನಾಲ್ಕು ವರ್ಷ ಎಲ್ಲ ನೆಟ್ಟಗಿತ್ತು. ಆಮೇಲೆ ಡಿಲಿಸ್‌ಗೆ ಪಾರ್ಶ್ವವಾಯು ಬಡಿಯಿತು. ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ಮನೆ ಸಿಗದೆ, ಅಕ್ಕ ತಮ್ಮ ಬೇರೆ ಬೇರೆ ಊರು ಸೇರಿದರು. ಇಲಾಖೆಯ ಪತ್ರ ಓದಿ ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟರು.

ಹತ್ತೊಂಬತ್ತು ತುಂಬಿದ ಮೇಲೆ ಟ್ಯಾಮ್ಸಿನ್ ಒಂದು ಮಧ್ಯಾಹ್ನ ನಮ್ಮ ಕಚೇರಿಗೆ ಬಂದಳು. ತೀರ್ಪು ಕೊಟ್ಟವರು ಅದರ ಬಗ್ಗೆ ಮಾತಾಡುವ ರೂಢಿಯಿಲ್ಲವೆಂದು ನಾನು ತಡೆದೆ. ನ್ಯಾಯಾಧೀಶೆ ಕೇಳಿಸಿಕೊಂಡು ಹೊರಗೆ ಬಂದು, ನನ್ನ ಎದುರಿಗೇ ಅವಳನ್ನು ಕೂರಿಸಿಕೊಂಡರು.

"ಜೋರಿಗೆ ಅಪ್ಪ ಅಮ್ಮ ಸಿಗ್ತಿದ್ರು. ನಾನು ಹಟ ಮಾಡಿದ್ದಕ್ಕೇ ತಪ್ಪೋಯ್ತು, ಅಲ್ವಾ?" ಎಂದಳು ಹುಡುಗಿ.

"ನಿನ್ನಿಂದ ಅಲ್ಲಮ್ಮ. ಹತ್ತು ವರ್ಷದ ಹುಡುಗಿ ತೀರ್ಮಾನ ಮಾಡ್ಲಿಲ್ಲ. ಮಾಡಿದ್ದು ನಾನು."

"ಮತ್ತೆ, ಮಾಡಿದ್ದು ಸರಿನಾ?"

"ಆವತ್ತು ಸರಿ ಅನ್ನಿಸ್ತು. ಇವತ್ತು ನಂಗೆ ಗೊತ್ತಿಲ್ಲ. ಸುಳ್ಳು ಹೇಳಿ ನಿನ್ನ ಕಳಿಸಲಾರೆ."

ಟ್ಯಾಮ್ಸಿನ್ ಕೈಚೀಲದ ಪಟ್ಟಿ ತಿರುವುತ್ತ, "ಡಿಲಿಸ್ ಮನೇಲಿ ಅವನು ನಿದ್ದೇಲಿ ಕಿರಚೋದು ಬಿಟ್ಟಿದ್ದ. ಇವಾಗ್ಲೂ ಕಿರಚಲ್ಲ. ಪ್ರತಿ ಭಾನುವಾರ ಫೋನ್ ಮಾಡ್ತಾನೆ, ದುಡ್ಡು ಕೇಳೋಕೆ," ಎಂದು ಸಣ್ಣಗೆ ನಕ್ಕಳು. ಹೋಗುವಾಗ ನ್ಯಾಯಾಧೀಶೆಯ ಕೈ ಹಿಡಿದುಕೊಂಡಳು. ಅವಳು ಮೆಟ್ಟಿಲು ಇಳಿದ ಮೇಲೆ ಪೆಂಗೆಲಿ ಅವರು ನನ್ನತ್ತ ತಿರುಗಿ, "ಮುಂದಿನವರನ್ನ ಕರೀಪ್ಪ," ಎಂದರು. ಆ ದಿನ ಇನ್ನೂ ಎರಡು ಪ್ರಕರಣಗಳಿದ್ದವು.

ನಿವೃತ್ತಿಯ ನಂತರ ತಿಂಗಳಿಗೆ ಎರಡು ದಿನ ಹೊಸ ನ್ಯಾಯಾಧೀಶರಿಗೆ ಪಾಠ ಹೇಳಲು ಅವರು ಒಪ್ಪಿದ್ದಾರೆ. ಏನು ಕಲಿಸುವಿರೆಂದು ಕೇಳಿದೆ. "ದಣಿದಿದ್ರೆ ತೀರ್ಪು ನಾಳೆಗೆ ಇಟ್ಕೊಳ್ಳಿ, ಆದ್ರೆ ನಾಳೆ ಕೊಟ್ಟೇ ಕೊಡಿ ಅಂತೀನಿ. ಮಕ್ಕಳು ಅಲ್ಲಿ ಚೀಲ ಕಟ್ಕೊಂಡು ಕೂತಿರ್ತಾರೆ," ಎಂದರು.

ಅವರಿಗೆ ದೀರ್ಘ ಆಯುಷ್ಯವಿರಲಿ, ಗಟ್ಟಿ ಆರೋಗ್ಯವಿರಲಿ. ಯಾವ ಮಗುವಿನ ನಾಳೆಯನ್ನೂ ತಾವೊಬ್ಬರೇ ನಿರ್ಧರಿಸಬೇಕಾಗಿಲ್ಲದ ಬೆಳಗುಗಳು ಅವರಿಗೆ ಧಾರಾಳವಾಗಿ ದೊರೆಯಲಿ.