ಕುದುರೆ ಬಾಲದ ಮೂರೆಳೆ

ಮೇಲಿನ ಮನೆಯ ಹುಡುಗಿ ಪಿಟೀಲು ಕಲಿಯುತ್ತಾಳೆ. ಹೋದ ವಾರ ಕಮಾನಿಗೆ ಹೊಸ ಕೂದಲು ಕಟ್ಟಿಸಿಕೊಂಡು ಬಂದಳು. ಹಳೆಯದನ್ನು ಕಸಕ್ಕೆ ಹಾಕಲು ಹೊರಟವಳನ್ನು ತಡೆದು, ಇಲ್ಲಿ ಕೊಡಮ್ಮ ನೋಡೋಣ ಎಂದೆ. ಕುದುರೆ ಬಾಲದ ಕೂದಲು. ಬೆಳ್ಳಗೆ, ಎರಡು ಮೊಳಕ್ಕೆ ಸ್ವಲ್ಪ ಕಡಿಮೆ. ಮೂಗಿನ ಹತ್ತಿರ ಹಿಡಿದರೆ ರಾಳದ ವಾಸನೆ, ಅದರ ಕೆಳಗೆ ಎಲ್ಲೋ ಹುಲ್ಲು, ಬೆವರು... ಅಥವಾ ಅದು ನನ್ನ ಭ್ರಮೆಯೋ ಏನೋ. ಅವಳ ಜೊತೆ ಮಾತಾಡುತ್ತಾ ಕೂತವಳು, ನನಗೇ ಗೊತ್ತಿಲ್ಲದಂತೆ ಸೀರೆಯನ್ನು ಚೂರು ಮೇಲೆ ಸರಿಸಿ, ಮೂರು ಎಳೆಗಳನ್ನು ಕಾಲಿನ ಮೇಲಿಟ್ಟು ಅಂಗೈಯಿಂದ ಹೊಸೆಯುತ್ತಿದ್ದೆ. ದೀಪಕ್ಕೆ ಬತ್ತಿಯಾ ಅಜ್ಜಿ ಎಂದು ಹುಡುಗಿ ಕೇಳಿದಳು. ಅಲ್ಲ ಎಂದೆ.

ನಾನು ಮದುವೆಯಾಗಿ ಕೆ.ಜಿ.ಎಫ್.ಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ನಮ್ಮ ಯಜಮಾನರು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಉರಿಗಾಂ ಲೈನಿನ ಸಾಲುಮನೆಗಳಲ್ಲಿ ಒಂದು ಮನೆ. ಎರಡು ಮನೆಗೆ ಒಂದೇ ಗೋಡೆ. ಪಕ್ಕದವರು ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ನಮಗೆ ಸೀನು. ಆ ಪಕ್ಕದವರು ನಮ್ಮ ತಾಯಿಯ ಊರಿನವರೆಂದು ಮೊದಲ ದಿನವೇ ತಿಳಿಯಿತು. ತಾಯಿಯ ಊರಿನ ಗಂಡಸು ಅಂದಮೇಲೆ ಮಾವನೇ ತಾನೆ? ಅವರ ಹೆಂಡತಿ ಅತ್ತೆ. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನು ಅಮ್ಮಣ್ಣಿ ಎಂದು ಕರೆದರು, ಇಡೀ ಲೈನಿಗೆ ನಾನು ಅಮ್ಮಣ್ಣಿಯಾದೆ.

ಮಾವ ಇಪ್ಪತ್ತು ವರ್ಷಕ್ಕೂ ಮೇಲೆ ನೆಲದೊಳಗೆ ಬಂಡೆ ಕೊರೆದವರು. ಎದೆಯಲ್ಲಿ ಕಲ್ಲಿನ ಪುಡಿ ಕೂತಿತ್ತು. ನಾನು ಬರುವ ಹೊತ್ತಿಗೆ ಅವರನ್ನು ಮೇಲಿನ ಕೆಲಸಕ್ಕೆ, ದೀಪದ ಕೋಣೆಗೆ ಹಾಕಿದ್ದರು. ಕೆಳಗಿಳಿಯುವವರಿಗೆ ದೀಪ ಕೊಡುವುದು, ಹತ್ತಿ ಬಂದವರಿಂದ ವಾಪಸು ಇಸಿದುಕೊಳ್ಳುವುದು. ಭಾರ ಎತ್ತಬೇಡ, ಓಡಬೇಡ, ಏನನ್ನೂ ಎಳೆಯಬೇಡ ಎಂದು ಡಾಕ್ಟರು ಹೇಳಿದ್ದರಂತೆ. ಉಸಿರಾಡಬೇಡ ಅಂತ ಒಂದನ್ನು ಮಾತ್ರ ಹೇಳಲಿಲ್ಲ ಎಂದು ಮಾವ ನಗುತ್ತಿದ್ದರು. ನಗು ಮುಗಿಯುವ ಮೊದಲೇ ಕೆಮ್ಮು ಬರುತ್ತಿತ್ತು. ಅತ್ತೆ ಅವರಿಂದ ಬೀಡಿ ಬಿಡಿಸಿದ್ದರು, ನೀರು ಹೊರುವುದು ಬಿಡಿಸಿದ್ದರು, ಸೈಕಲ್ಲು ಮಾರಿಸಿದ್ದರು. ಬಿಡಿಸದೆ ಇದ್ದದ್ದು ಭಾನುವಾರದ ಮೀನು ಒಂದೇ.

ಭಾನುವಾರ ಬೆಳಗ್ಗೆ ರಾಬರ್ಟ್‌ಸನ್‌ಪೇಟೆಯಿಂದ ಬಸ್ಸು ಹತ್ತಿ ಬೇತಮಂಗಲದ ಕೆರೆಗೆ ಹೋಗುವರು. ಕೈಯಲ್ಲಿ ಕಿರುಬೆರಳು ದಪ್ಪದ ಬಿದಿರು ಕಡ್ಡಿ, ಮಡಿಕೆಯಲ್ಲಿ ಗಾಳಕ್ಕೆ ಸಿಕ್ಕಿಸಲು ನಾಲ್ಕು ಕಪ್ಪೆಮರಿ. ಹಿಡಿಯುತ್ತಿದ್ದದ್ದು ಕೊರವ. ನಮ್ಮ ಲೈನಿನ ತಮಿಳರು ವಿರಾಲ್ ಎನ್ನುತ್ತಿದ್ದ ಅದೇ ಹಾವುತಲೆಯ ಮೀನು. ಸಿಕ್ಕಿತೆಂದರೆ ಕರುವಿನ ಹಾಗೆ ಎಳೆಯುತ್ತದೆ. ಬೇರೆಯವರೆಲ್ಲ ಅದಕ್ಕೆ ಬಾವಿ ಹಗ್ಗದಂಥ ಹುರಿ ಕಟ್ಟಿಕೊಂಡು ಬರುವರು. ಮಾವನ ಹುರಿಯ ಕೊನೆಯ ಒಂದು ಮಾರು ಮಾತ್ರ ಕುದುರೆ ಕೂದಲು, ಗಾಳದ ಬಳಿ ಗೇಣುದ್ದ ತಂತಿ. ಆ ಕೂದಲಿನ ಎಳೆಯಲ್ಲೇ ಅವರು ತೋಳುದ್ದದ ಕೊರವ ತರುತ್ತಿದ್ದರು.

ನಾನೊಮ್ಮೆ ಜೊತೆಗೆ ಹೋಗಿ ಕಣ್ಣಾರೆ ನೋಡಿದೆ. ಅವರು ಎಳೆಯುತ್ತಲೇ ಇರಲಿಲ್ಲ. ಮೀನು ಹೋದಷ್ಟು ದೂರ ಎಡಗೈಯ ಸುರುಳಿಯಿಂದ ಹುರಿ ಬಿಡುವರು, ಕಡ್ಡಿ ಬಿಲ್ಲಿನಂತೆ ಬಾಗಿ ಅದರ ಸಿಟ್ಟನ್ನೆಲ್ಲ ತಾನೇ ತಿನ್ನುವುದು. ಮೀನು ನಿಂತಾಗ ಗೇಣು ಗೇಣಾಗಿ ಸುತ್ತಿಕೊಳ್ಳುವರು. ಮತ್ತೆ ಹೋದರೆ ಮತ್ತೆ ಬಿಡುವರು. ಕೊರವಕ್ಕೆ ನೀರೊಳಗಿನ ಉಸಿರು ಸಾಲದು, ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗಬೇಕು. ಅವರು ಕಾಯುತ್ತಿದ್ದದ್ದು ಆ ಗಳಿಗೆಗೆ.

"ಉಸ್ರಿಗೆ ಮೇಲ್ಕೆ ಬರೋಗಂಟ ಕಾಯ್ಬೇಕು ಅಮ್ಮಣ್ಣಿ. ಅದ್ಕೂ ನಂಗೂ ಒಂದೇ ಕಾಯ್ಲೆ," ಎಂದರು.

ಕೆಲವು ಸಲ ದೊಡ್ಡದು ಕಿತ್ತುಕೊಂಡು ಹೋಗುತ್ತಿತ್ತು. ಹೋಗಲಿ ಬಿಡು, ಅದಕ್ಕೂ ಮನೆ ಮಠ ಇದೆ ಎಂದು ಹೊಂಗೆಮರದ ನೆರಳಿಗೆ ಬಂದು ಕೂತು ಬುತ್ತಿ ಬಿಚ್ಚುವರು.

ಕೂದಲು ತರುವ ಕೆಲಸ ನನ್ನದು. ಬಂಗಾರಪೇಟೆಯ ಒಂದು ಪ್ರೈಮರಿ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತ್ತು, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಸ್ಟೇಷನ್ನಿನ ಹೊರಗೆ ಜಟಕಾ ನಿಲ್ಲುವ ಜಾಗದಲ್ಲಿ ಬಿಳಿ ಗಂಡು ಕುದುರೆಯ ಒಬ್ಬ ಸಾಬರಿದ್ದರು. ಹೆಣ್ಣು ಕುದುರೆಯ ಬಾಲ ಸದಾ ಗಂಜಲದಲ್ಲಿ ನೆನೆದು ಕೂದಲು ಟೊಳ್ಳಾಗಿ ಎಲ್ಲೆಂದರಲ್ಲಿ ಕೀಳುತ್ತದೆ, ಗಂಡಿನದೇ ತಾ ಎಂದು ಅತ್ತೆಯ ಅಪ್ಪಣೆ. ಸಾಬರು ಬಾಲಕ್ಕೆ ಬಾಚಣಿಗೆ ಹಾಕಿ ಉದುರಿದ್ದನ್ನು ಎತ್ತಿಟ್ಟಿರುವರು.

"ಇಂಗೇ ತಕ್ಕೊಂಡೋದ್ರೆ ನಮ್ ಕುದ್ರೆ ನೊಣ ಎಂಗೆ ಓಡಿಸ್ಬೇಕು ಟೀಚರಮ್ಮಾ? ನೀವು ಬಂದು ಸೆರಗಲ್ಲಿ ಬೀಸ್ತೀರಾ?" ಎಂದು ಪ್ರತಿ ಶನಿವಾರವೂ ಕೇಳುವರು. ಪ್ರತಿ ಶನಿವಾರವೂ ನಾನು ನಗುತ್ತಿದ್ದೆ.

ಹೊಸೆಯುವವರು ಅತ್ತೆ. ಶನಿವಾರ ಸಂಜೆ ಜಗುಲಿಯಲ್ಲಿ ಕಾಲು ಚಾಚಿ ಕೂತು, ಎಳೆಗಳನ್ನು ಎಣಿಸಿ, ನೀರಲ್ಲಿ ನೆನೆಸಿ, ಕಾಲಿನ ಮೇಲೆ ಹೊಸೆದು ತುಂಡಿಗೆ ತುಂಡು ಗಂಟು ಹಾಕುವರು. ಯಾವಾಗಲೂ ಒಂದು ತುಂಡು ಹೆಚ್ಚಿಗೆ. ಆ ಹೆಚ್ಚಿನ ತುಂಡನ್ನು ಬಾಗಿಲ ಚೌಕಟ್ಟಿನ ಮೊಳೆಗೆ ಕಟ್ಟಿ, ಕೆಳಗೆ ಪುಟ್ಟ ಹಿತ್ತಾಳೆ ಬಿಂದಿಗೆ ನೇತುಹಾಕಿ, ಲೋಟದಿಂದ ನೀರು ಹುಯ್ಯುತ್ತಾ ಹೋಗುವರು. ಎಷ್ಟನೆಯ ಲೋಟಕ್ಕೆ ಕಿತ್ತು ಬೀಳುತ್ತದೆಂದು ನೋಡಿ, ಸರಿ ಎಂದು ತಲೆಯಾಡಿಸುವರು. ತಡವಾಗಿ ಕಿತ್ತರೆ ಅವರಿಗೆ ಸಮಾಧಾನವಿಲ್ಲ, ಪೂರ್ತಿ ಬಿಚ್ಚಿ ಮತ್ತೆ ಹೊಸೆಯುವರು. ಗಟ್ಟಿಯಾಗಿದೆ ಎಂದು ಬೇಜಾರು ಮಾಡಿಕೊಳ್ಳುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಆದರೂ ಯಾಕೆ ಎಂದು ಕೇಳಲಿಲ್ಲ. ಏನೋ ಅವರ ಕಡೆಯ ಪದ್ಧತಿ ಎಂದುಕೊಂಡೆ.

ನಾನು ಬಂದಾಗ ಆರೆಳೆ. ಮರುವರ್ಷ ಐದಾಯಿತು. ಆಮೇಲೆ ನಾಲ್ಕು. ಬಿಂದಿಗೆ ಹೋಗಿ ಚೊಂಬು ಬಂತು. ಕೊನೆಗೆ ಮೂರೇ ಎಳೆ... ಬಿಸಿಲಿಗೆ ಹಿಡಿದರೆ ಕಾಣಿಸುವುದೇ ಕಷ್ಟ. ಕಡ್ಡಿಯನ್ನೂ ಹೆರೆದು ಹೆರೆದು ಸಣ್ಣ ಮಾಡಿದ್ದರು. ಎಳೆ ಕಡಿಮೆಯಾದಷ್ಟೂ ಮಾವನ ಹೆಸರು ಹೆಚ್ಚಾಯಿತು. ಮೂರು ಕೂದಲಲ್ಲಿ ಒಂದೂವರೆ ಮೊಳದ ಕೊರವ ತಂದರಂತೆ ಎಂದು ನಂದಿದುರ್ಗದ ಲೈನಿನಿಂದೆಲ್ಲ ಜನ ನೋಡಲು ಬರುತ್ತಿದ್ದರು. ನನಗೂ ಹೆಮ್ಮೆ. ಕೈ ಪಳಗಿದ ಹಾಗೆ ದಾರ ತೆಳುವಾಗುತ್ತಿದೆ ಎಂದೇ ನಾನು ತಿಳಿದಿದ್ದೆ. ಅವರು ಈಗ ಬಸ್ಸಿನಿಂದ ಕೆರೆ ಏರಿಯವರೆಗೆ ನಡೆಯುವುದರೊಳಗೆ ಮೂರು ಸಲ ನಿಲ್ಲುತ್ತಿದ್ದರು ಎಂಬುದೂ ಗೊತ್ತಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಲಿಲ್ಲ.

ಒಂದು ಭಾನುವಾರ ತೂಬಿನ ಹತ್ತಿರ ಬಹಳ ದೊಡ್ಡದೊಂದು ಸಿಕ್ಕಿ, ಮೂರೆಳೆಯನ್ನೂ ಕಿತ್ತುಕೊಂಡು ಹೋಯಿತು. ಏರಿಯ ಮೇಲಿದ್ದವನೊಬ್ಬ, "ಕೂದ್ಲೆಳೇಲಿ ಆನೆ ಕಟ್ಟಾಕಕ್ಕೆ ಬಂದವ್ನೆ ನೋಡ್ರಲಾ," ಎಂದು ಕೂಗಿದನಂತೆ. ಅದನ್ನು ಮಾವ ತಾವೇ ಹೇಳಿಕೊಂಡು ನಕ್ಕರು. ನನಗೆ ಮಾತ್ರ ತಡೆಯಲಿಲ್ಲ. ಆ ವಾರವೇ ರಾಬರ್ಟ್‌ಸನ್‌ಪೇಟೆಯ ಅಂಗಡಿಯೊಂದಕ್ಕೆ ಮದರಾಸಿನಿಂದ ನೈಲಾನ್ ದಾರ ಬಂದಿತ್ತು. ಗಾಜಿನಂತೆ ಹೊಳೆಯುವುದು, ಕೂದಲಿನಷ್ಟೇ ಸಣ್ಣ, ಗಂಡಸರು ಇಬ್ಬರು ಜಗ್ಗಿದರೂ ಕೀಳದು. ಒಂದು ಸುರುಳಿ ತಂದು ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ.

ಶನಿವಾರ ಅತ್ತೆ ಅಣ್ಣನ ಮಗಳ ಸೀಮಂತಕ್ಕೆ ಊರಿಗೆ ಹೊರಟರು. ಹೊರಡುವ ಮೊದಲು ಮೂರೆಳೆ ಹೊಸೆದು, ಹೆಚ್ಚಿನ ತುಂಡನ್ನು ಚೊಂಬಿಗೆ ಕಟ್ಟಿ ನೋಡಿ, ಉಳಿದ ಹುರಿಯನ್ನು ಮೊಳೆಗೆ ನೇತುಹಾಕಿ, ಅದನ್ನೇ ಕಟ್ಟಿಕೊಡು ಎಂದು ನನಗೆ ಎರಡು ಸಲ ಹೇಳಿದರು. ಹೂಂ ಎಂದೆ. ಭಾನುವಾರ ಬೆಳಗ್ಗೆ ನಾನು ಕಟ್ಟಿದ್ದು ನೈಲಾನು.

ಮಾವ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉದ್ದಕ್ಕೂ ಸವರಿದರು. ಕೈಗೆ ಸುತ್ತಿ ಜಗ್ಗಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಇದು ಕಿತ್ತೋಗಲ್ವಲ್ಲ ಅಮ್ಮಣ್ಣಿ."

"ಅದಕ್ಕೇ ತಂದಿದ್ದು ಮಾವ," ಎಂದೆ.

ಅವರು ಕಡ್ಡಿಯನ್ನು ಹೆಗಲಿಗೇರಿಸಿದರು. ನಡಿ, ಬಸ್ಸು ತಪ್ಪುತ್ತದೆ ಎಂದರು.

ನನ್ನ ದಾರದ ಪ್ರತಾಪ ನೋಡಬೇಕೆಂದು ನಾನೂ ಹೋದೆ, ನಮ್ಮ ಯಜಮಾನರೂ ಬಂದರು. ಹೊತ್ತು ನೆತ್ತಿಗೆ ಬರುವ ಮುಂಚೆ, ಅದೇ ತೂಬಿನ ಹತ್ತಿರ, ಅದೇ ಮೀನೋ ಇನ್ನೊಂದೋ, ಹಿಡಿಯಿತು. ಆಳಕ್ಕೆ ಓಡಿತು. ಮಾವ ಬಿಟ್ಟರು, ಬಿಟ್ಟರು, ಎಡಗೈಯ ಸುರುಳಿ ಮುಗಿಯಿತು. ಕೂದಲಾಗಿದ್ದರೆ ಅಲ್ಲಿಗೆ ಟಪ್ಪೆಂದು ಕಿತ್ತು, ಅವರು ನಗುತ್ತಾ ಹೊಂಗೆಮರದ ಕೆಳಗೆ ಬಂದು ಕೂರುತ್ತಿದ್ದರು. ಕೀಳಲಿಲ್ಲ. ಮಾವ ಎರಡು ಹೆಜ್ಜೆ ನೀರಿಗೆ ಇಳಿದರು. ಏರಿಯ ಮೇಲೆ ಜನ ಸೇರಿತು. ಮೀನು ಮೇಲೆ ಬಂದು ಗಾಳಿ ನುಂಗಿತು, ಮುಳುಗಿತು, ಮತ್ತೆ ಬಂತು, ಮತ್ತೆ ಮುಳುಗಿತು. ಅದು ಮೇಲೆ ಬಂದಾಗೆಲ್ಲ ಹೊಸ ಬಲ ತೆಗೆದುಕೊಂಡು ಹೋಗುತ್ತಿತ್ತು. ಯಜಮಾನರು ಕಡ್ಡಿ ಇಸಿದುಕೊಳ್ಳಲು ನೀರಿಗಿಳಿದರೆ ಮಾವ ತಲೆ ಅಲ್ಲಾಡಿಸಿದರು. ಬೇಡ ಎನ್ನಲು ಉಸಿರಿರಲಿಲ್ಲ. ನನಗೆ ಅದು ತಿಳಿಯಲಿಲ್ಲ. ನಾನು ದಡದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದೆ.

ಹಿಡಿದರು. ಎರಡು ಮೊಳದ ಕೊರವ, ಬೇತಮಂಗಲದವರೇ ಕಂಡಿರಲಿಲ್ಲವಂತೆ. ದಡಕ್ಕೆ ತಂದು ಹಾಕಿ ಅದರ ಪಕ್ಕದಲ್ಲೇ ಕೂತರು. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಆ ಕೂತವರು ತಾವಾಗಿ ಏಳಲಿಲ್ಲ, ಯಾರದೋ ಗಾಡಿಯಲ್ಲಿ ಮಲಗಿಸಿ ಕರೆತಂದೆವು.

ಕೊರವ ನೀರಿಲ್ಲದೆಯೂ ಬಹಳ ಹೊತ್ತು ಬದುಕುತ್ತದೆ. ಸಂಜೆ ಅತ್ತೆ ಊರಿನಿಂದ ಬಂದಾಗ ಹೊರಗೆ ಬಕೆಟ್ಟಿನಲ್ಲಿ ಅದು, ಒಳಗೆ ಮಂಚದ ಮೇಲೆ ಮಾವ, ಇಬ್ಬರೂ ಬಾಯಿ ತೆರೆದು ಉಸಿರಾಡುತ್ತಿದ್ದರು. ಅತ್ತೆ ಮೂಲೆಯಲ್ಲಿದ್ದ ಕಡ್ಡಿ ನೋಡಿದರು. ದಾರವನ್ನು ಮುಟ್ಟಿದರು. ಮೊಳೆಯಲ್ಲಿ ಹಾಗೇ ನೇತಾಡುತ್ತಿದ್ದ ಮೂರೆಳೆ ನೋಡಿದರು. ನನ್ನ ಕಡೆ ತಿರುಗಲಿಲ್ಲ. ಸೆರಗು ಸಿಕ್ಕಿಸಿ, ಬೂದಿ ಹಾಕಿ ಮೀನು ಉಜ್ಜಿ, ಮೆಣಸು ಅರೆದು ಸಾರು ಮಾಡಿದರು. ಕೊರವದ ಸಾರು ಎದೆಗೆ ಒಳ್ಳೆಯದು ಎಂದು ನಂಬಿಕೆ. ಮಾವ ಎರಡು ಗುಟುಕು ಕುಡಿದು, ಅಮ್ಮಣ್ಣಿಗೂ ಕೊಡು ಎಂದು ಸನ್ನೆ ಮಾಡಿದರು. ಆಮೇಲೆ ತಡೆದು ತಡೆದು, "ಅಮ್ಮಣ್ಣಿ ತಂದ ದಾರ... ಬಲೇ ಗಟ್ಟಿ ಕಣೇ," ಎಂದರು.

ಆ ಸಾರನ್ನು ನಾನು ಕುಡಿದೆ. ಹೇಗೆ ಇಳಿಯಿತೋ.

ಅವರು ಮತ್ತೆ ದೀಪದ ಕೋಣೆಗೆ ಹೋಗಲಿಲ್ಲ. ಮೂರನೆಯ ವಾರ, ಬೆಳಗಿನ ಪಾಳಿಯ ಸೈರನ್ ಕೂಗುವಾಗ ಹೋಗಿಬಿಟ್ಟರು. ಹೇಗೂ ಆ ವರ್ಷ ದಾಟುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೆ ಹೇಳಿದರೋ ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ತಿಥಿಯಾದ ಮೇಲೆ ಅತ್ತೆ ತಮ್ಮ ಅಣ್ಣನ ಊರಿಗೆ ಹೊರಟರು. ಸಾಮಾನು ಕಟ್ಟುವಾಗ ಡಬ್ಬಿಯೊಂದರಲ್ಲಿ ಹಳೆಯ ಕೂದಲು ಹುರಿಗಳು ಸಿಕ್ಕವು. ಆರೆಳೆಯದು, ಐದರದು, ನಾಲ್ಕರದು, ಒಂದೊಂದನ್ನೂ ಬೇರೆ ಬೇರೆ ಸುತ್ತಿಟ್ಟಿದ್ದರು. ಇವನ್ನೆಲ್ಲ ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದೆ.

ಅತ್ತೆ ಆರೆಳೆಯದನ್ನು ಎತ್ತಿ ಬೆರಳಿಗೆ ಸುತ್ತಿಕೊಂಡರು. "ನಿಮ್ಮಾವಂಗೆ ಮೀನು ಬುಡು ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ. ಅವ್ರ ಎದೆ ತಡ್ಯೋಕಿಂತ ಮುಂಚೆ ದಾರ ಕಿತ್ತೋಗ್ಲಿ ಅಂತ... ಉಸ್ರು ಕಮ್ಮಿ ಆದಂಗೆಲ್ಲ ಒಂದೊಂದೆಳೆ ತೆಗೀತಾ ಬಂದೆ. ಅವ್ರಿಗೆ ಗೊತ್ತಾಗ್ಬಾರ್ದು ಅಂತ, ಸಾಬ್ರ ಕುದ್ರೆ ಬಾಲ ಉದುರೋಗ್ತೈತೆ ಅಂತಿದ್ದೆ. ನಿಂಗಾದ್ರೂ ಯೇಳ್ಬೇಕಾಗಿತ್ತು. ತಪ್ಪು ನಂದು ಅಮ್ಮಣ್ಣಿ."

ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಆದರೆ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಮಾವನಿಗೆ ಎಲ್ಲ ಗೊತ್ತಿತ್ತು. ಇಲ್ಲದಿದ್ದರೆ ಆ ಬೆಳಗ್ಗೆ ದಾರ ಸವರಿ, ಇದು ಕಿತ್ತುಹೋಗುವುದಿಲ್ಲವಲ್ಲ ಎಂದು ನನ್ನ ಮುಖ ಯಾಕೆ ನೋಡುತ್ತಿದ್ದರು? ಹೆಂಡತಿಯ ಲೆಕ್ಕ ತಿಳಿದೇ, ಅದು ತಿಳಿಯದವರಂತೆ ಅಷ್ಟು ವರ್ಷ ಕುದುರೆ ಬಾಲದ ಕಥೆ ಕೇಳಿಸಿಕೊಂಡಿದ್ದರು. ನಾನು ಆಸೆಯಿಂದ ತಂದದ್ದನ್ನು ಬೇಡ ಎನ್ನಲಾರದೆ ಅದನ್ನೂ ಹಿಡಿದುಕೊಂಡು ಹೋದರು. ಇದನ್ನು ಅತ್ತೆಗೆ ಹೇಳಿದ್ದರೆ ಹಗುರವಾಗುತ್ತಿತ್ತೋ, ಇನ್ನೂ ಭಾರವಾಗುತ್ತಿತ್ತೋ... ಹೇಳುವ ಧೈರ್ಯ ಬರುವಷ್ಟರಲ್ಲಿ ಅವರೂ ಇರಲಿಲ್ಲ.

ಹೊರಡುವ ದಿನ ಅವರು ನನ್ನ ಕೈಗೆ ಆ ಹಿತ್ತಾಳೆ ಚೊಂಬು ಕೊಟ್ಟು ಹೋದರು. ಎಷ್ಟೋ ಮನೆ ಬದಲಾಯಿತು, ಯಜಮಾನರು ಹೋದರು, ಗಣಿಯೂ ಮುಚ್ಚಿತು. ಚೊಂಬು ಇದೆ. ತಳದ ತುಂಬ ನೆಗ್ಗು. ಒಂದೊಂದು ನೆಗ್ಗೂ ಒಂದೊಂದು ಶನಿವಾರ.

ಹೋದ ವಾರ ಹುಡುಗಿ ಮೇಲಕ್ಕೆ ಹೋದ ಮೇಲೆ, ಹೊಸೆದ ಮೂರೆಳೆಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಚೊಂಬು ನೇತುಹಾಕಿದೆ. ಲೋಟದಿಂದ ನೀರು ಹುಯ್ದೆ. ಒಂದು, ಎರಡು, ಮೂರು. ಅರ್ಧ ಹೊರಗೆ ಚೆಲ್ಲಿತು. ನಾಲ್ಕನೆಯದಕ್ಕೆ ಕಿತ್ತು ಬಿತ್ತು. ಮೇಲಿನಿಂದ ಹುಡುಗಿ, ಏನು ಬಿತ್ತು ಅಜ್ಜಿ ಎಂದು ಕೂಗಿ ಕೇಳಿದಳು. ಏನೂ ಇಲ್ಲಮ್ಮ ಎಂದೆ. ನೀರು ಹೊಸಿಲು ದಾಟಿ ಹೋಗುತ್ತಿತ್ತು. ಚೊಂಬನ್ನೆತ್ತಿ ತಿರುವಿ ನೋಡಿದೆ. ತಳದಲ್ಲಿ ಹೊಸದೊಂದು ನೆಗ್ಗು ಬಿದ್ದಿತ್ತು, ಹಳೆಯವುಗಳ ಪಕ್ಕದಲ್ಲೇ.