ರೂತ್ ಅವರ ಚಪ್ಪರ, ನಮ್ಮತ್ತೆಯ ಮಡಿ

ಗಣೇಶನ ಹಬ್ಬಕ್ಕೆ ನಾನು ಮಾಡುವ ಕಡುಬನ್ನು ಬೇಡ ಅಂದವರು ಇದುವರೆಗೆ ಯಾರೂ ಇರಲಿಲ್ಲ. (ಶುಗರ್ ಇರುವವರೂ ಎರಡು ತಿಂದು, ಮೂರನೆಯದಕ್ಕೆ ಮಾತ್ರ ಡಾಕ್ಟರ ಹೆಸರು ಹೇಳುತ್ತಾರೆ.) ಈ ವರ್ಷ ಡಬ್ಬಿ ಹೋದ ಹಾಗೇ ವಾಪಸ್ ಬಂತು.

ವಾಪಸ್ ತಂದವರು ಕ್ಯಾಲಿಫೋರ್ನಿಯಾದ ಡಬ್ಲಿನ್‌ನ ನಮ್ಮ ಟೌನ್‌ಹೌಸಿನ ಪಕ್ಕದ ಮನೆಯ ರೂತ್. ಎಪ್ಪತ್ತು ದಾಟಿದ ಯಹೂದಿ ಹೆಂಗಸು. ಗಂಡ ಹೋದ ವರ್ಷ ತೀರಿಕೊಂಡರು, ಮಗಳು ನ್ಯೂಯಾರ್ಕಿನಲ್ಲಿದ್ದಾಳೆ. ನಾನಿಲ್ಲದಾಗ ಅವರ ಬಾಗಿಲ ಬಳಿ ನನ್ನ ಮಗಳು ಡಬ್ಬಿ ಇಟ್ಟು ಬಂದಿದ್ದಳು. ಸಂಜೆ ರೂತ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಇದು ಚೆನ್ನಾಗಿರುತ್ತೆ ಅಂತ ವಾಸನೆಯಲ್ಲೇ ಗೊತ್ತಾಗುತ್ತೆ. ಆದರೆ ನಾನು ಕೋಷರ್, ನಮ್ಮ ಧರ್ಮದ ಊಟದ ನಿಯಮ ಪಾಲಿಸುವವಳು. ಬೇರೆ ಅಡುಗೆಮನೆಯ ಪಾತ್ರೆಯಲ್ಲಿ ಬೇಯಿಸಿದ್ದು ತಿನ್ನೋದಿಲ್ಲ. ಇದು ಪಾತ್ರೆಯ ವಿಷಯ, ನಿನ್ನ ವಿಷಯ ಅಲ್ಲ. ಕಡುಬು ಬೇಡ, ಆದರೆ ನಾನು ಒಳಗೆ ಬರಬಹುದಾ?"

ಬಂದರು. ಸೋಫಾದಲ್ಲಿ ಕೂತು ಪೇಪರ್ ಕಪ್ಪಿನಲ್ಲಿ ನೀರು ಕುಡಿದರು. ಮಗಳ ಸ್ಕೂಲು, ನನ್ನ ಆಫೀಸು, ಗಣೇಶನಿಗೆ ಆನೆಯ ತಲೆ ಬಂದ ಕಥೆ, ಎಲ್ಲ ಕೇಳಿದರು. ಹೋಗುವಾಗ ನನ್ನ ಕೈ ಹಿಡಿದು ಒತ್ತಿದರು. ನಾನು "ನೋ ಪ್ರಾಬ್ಲಮ್" ಅಂತ ನಕ್ಕೆ. ಬಾಗಿಲು ಹಾಕಿದ ಮೇಲೆ ನನಗೆ ಮೈಯೆಲ್ಲ ಉರಿಯಿತು. ಬೆಳಗ್ಗೆ ಎದ್ದು ಹೂರಣ ಕಲಸಿದವಳು ನಾನು. ಉರಿಯದೆ ಇನ್ನೇನಾಗುತ್ತೆ?

ಮೆಟ್ಟಿಲ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದ ನಮ್ಮತ್ತೆ ತಲೆ ಎತ್ತಲೂ ಇಲ್ಲ. "ಆಕಿದು ಮಡಿ ಅದ, ಅಷ್ಟೇ. ಅದಕ್ಯಾಕ ಮಾರಿ ಸಣ್ಣ ಮಾಡ್ಕೊಂಡಿ?"

ಇಲ್ಲಿ ನಮ್ಮತ್ತೆಯ ಪರಿಚಯ ಮಾಡಿಕೊಡಬೇಕು. ಧಾರವಾಡದವರು. ಬೇಸಿಗೆಯಲ್ಲಿ ಬಂದರು, ದೀಪಾವಳಿಗೆ ಮುಂಚೆ ಹೊರಡುತ್ತಾರೆ. ಸೂಟ್‌ಕೇಸಿನಲ್ಲಿ ಸೀರೆಗಿಂತ ಹೆಚ್ಚಾಗಿ ಪಾತ್ರೆಗಳೇ ಇದ್ದವು. ಸ್ವಂತ ಕುಕ್ಕರು, ಸ್ವಂತ ಸೌಟು, ನನ್ನ ಪ್ಯಾಂಟ್ರಿಯಲ್ಲಿ ಸ್ವಂತ ಶೆಲ್ಫು. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಹೊರಗಿನ ಊಟ ಇಲ್ಲವೇ ಇಲ್ಲ. ಪ್ಲೆಸೆಂಟನ್‌ನ ಪಾಟ್‌ಲಕ್ಕಿಗೆ, ಅಂದರೆ ಎಲ್ಲರೂ ಒಂದೊಂದು ಅಡುಗೆ ತರುವ ಕೂಟಕ್ಕೆ, ಹೋದರೂ ಬ್ಯಾಗಿನಲ್ಲಿ ಹಚ್ಚಿದ ಅವಲಕ್ಕಿಯ ಡಬ್ಬಿ. ಆದರೆ ಮೊಮ್ಮಗಳಿಗೆ ಜಡೆ ಹಾಕುವುದು, ನನ್ನ ಬೆನ್ನುನೋವಿಗೆ ಎಣ್ಣೆ ಕಾಯಿಸುವುದು, ಮೀಟಿಂಗಿನ ಮಧ್ಯೆ ಸದ್ದಿಲ್ಲದೆ ಟೀ ತಂದಿಡುವುದು, ಎಲ್ಲ ಅವರೇ. ನನಗೆ ನನ್ನತ್ತೆ ಅಂದರೆ ಬಹಳ ಇಷ್ಟ. (ಇದನ್ನು ಅವರು ಓದುತ್ತಾರೆ ಅಂತ ಬರೆದದ್ದಲ್ಲ. ಓದುತ್ತಾರೆ, ಅದು ನಿಜ.)

ಆ ಕಡುಬಿನ ನಂತರ ಅತ್ತೆ ಮತ್ತು ರೂತ್ ಜೋಡಿಯಾಗಿಬಿಟ್ಟರು. ಭಾಷೆ ಬರದಿದ್ದರೇನು? ಇಬ್ಬರಿಗೂ ಒಂದೇ ಹವ್ಯಾಸ, ಗ್ರೋಸರಿ ಪ್ಯಾಕೆಟ್ಟನ್ನು ಕನ್ನಡಕದ ಹತ್ತಿರ ಹಿಡಿದು ಸಣ್ಣಕ್ಷರ ಓದುವುದು. ಬೇಲಿಯ ಆ ಕಡೆಯಿಂದ ರೂತ್ ಒಂದು ಮೊಸರಿನ ಡಬ್ಬಿ ತೋರಿಸಿ "ಜೆಲಾಟಿನ್!" ಅನ್ನುತ್ತಾರೆ. (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಅಂಟು.) ಈ ಕಡೆಯಿಂದ ಅತ್ತೆ "ಅಯ್ಯ ಶಿವನೇ!" ಅನ್ನುತ್ತಾರೆ. ಮಗಳು ಮಧ್ಯೆ ನಿಂತು ಇಂಟರ್‌ಪ್ರಿಟರು. "ಅಜ್ಜಿ, ಶಿ ಹ್ಯಾಸ್ ಟೂ ಸೆಟ್ಸ್ ಆಫ್ ಪ್ಲೇಟ್ಸ್! ಹಾಲಿಗೆ ಬೇರೆ, ಮೀಟಿಗೆ ಬೇರೆ!" ಅಂದಾಗ ಅತ್ತೆ ಮೀಟು ಅನ್ನುವ ಶಬ್ದವನ್ನು ಉದಾರವಾಗಿ ಕಿವಿಯಾಚೆ ಬಿಟ್ಟು, "ಶಿಸ್ತು ಅಂದ್ರ ಹಿಂಗಿರಬೇಕು" ಅಂದರು.

ಅಕ್ಟೋಬರಿನಲ್ಲಿ ರೂತ್ ಹಿತ್ತಲಲ್ಲಿ ಕಂಬ ನೆಟ್ಟು, ಬಟ್ಟೆಯ ಗೋಡೆ ಕಟ್ಟಿ, ಮೇಲೆ ತಾಳೆಗರಿ, ಮರದ ರೆಂಬೆ ಹಾಸಿದರು. ಅತ್ತೆ ಕಿಟಕಿಯಿಂದ ನೋಡಿ, "ಚಪ್ಪರ ಹಾಕ್ಯಾಳ! ಯಾರ ಮದುವಿನವಾ?" ಅಂತ ಕೇಳಿದರು. ಮದುವೆಯಲ್ಲ, ಹಬ್ಬ. ಯಹೂದಿಗಳ ಹಿರಿಯರು ಮನೆಯಿಲ್ಲದೆ ಮರುಭೂಮಿಯಲ್ಲಿ ಅಲೆದದ್ದನ್ನು ನೆನೆಯುವುದಕ್ಕೆ ವಾರವಿಡೀ ಊಟವೆಲ್ಲ ಆ ಚಪ್ಪರದಲ್ಲೇ. ಸೂರಿನ ಸಂದಿಯಿಂದ ಆಕಾಶ ಕಾಣಬೇಕು. ಮೋಡ ನೋಡಿ ನನ್ನ ಗಂಡ ಗ್ಯಾರೇಜಿನಿಂದ ಟಾರ್ಪಾಲು ಹಿಡಿದು ಸಹಾಯಕ್ಕೆ ಓಡಿದರೆ, ರೂತ್ ನಗುತ್ತಾ ಓಡಿಸಿದರು. ಮುಚ್ಚಿದರೆ ಹಬ್ಬವೇ ಕೆಟ್ಟಂತೆ! ಒಂದು ಗೋಡೆ ಹಂಚಿಕೊಂಡ ಮನೆಗೆ ಮೂವತ್ತು ವರ್ಷ ಸಾಲ ಕಟ್ಟುವ ಊರಿನಲ್ಲಿ, ಸೂರು ಅನ್ನುವುದು ನಿನ್ನದಲ್ಲಮ್ಮ ಅಂತ ವರ್ಷಕ್ಕೊಮ್ಮೆ ತನಗೆ ತಾನೇ ಹೇಳಿಕೊಳ್ಳುವ ಹಬ್ಬ. ನನಗೆ ಬಹಳ ಹಿಡಿಸಿತು.

ಇನ್ನೊಂದು ನಿಯಮವೂ ಇದೆ. ಚಪ್ಪರಕ್ಕೆ ಅತಿಥಿಗಳು ಬೇಕು. "ಗಂಡ ಇದ್ದಾಗ ಕುರ್ಚಿ ಸಾಲುತ್ತಿರಲಿಲ್ಲ," ಅಂದರು ರೂತ್. "ಈ ವರ್ಷ ಒಬ್ಬಳೇ ಕೂರೋಕೆ ನನ್ನ ಕೈಲಿ ಆಗಲ್ಲ. ನೀವೆಲ್ಲ ಬನ್ನಿ. ನಿನ್ನ ಫ್ರೆಂಡ್ಸ್ ಇದ್ದರೆ ಅವರೂ ಬರಲಿ."

ನನಗೆ ತಕ್ಷಣ ನೆನಪಾದದ್ದು ಶಶಿ.

ಶಶಿ ಕಲಬುರಗಿಯವಳು, ಫಾಸ್ಟರ್ ಸಿಟಿಯಲ್ಲಿ ಕೆಲಸ. ಈ ದೇಶದಲ್ಲಿ ನನ್ನ ಅತಿ ಹತ್ತಿರದ ಗೆಳತಿ. ನನ್ನ ಹೆರಿಗೆಯಲ್ಲಿ ಆಸ್ಪತ್ರೆಯಲ್ಲಿ ನನ್ನ ಪಕ್ಕ ಇದ್ದವಳು. ಅತ್ತೆ ಬಂದ ಹೊಸದರಲ್ಲಿ ನಮ್ಮನ್ನು ಊಟಕ್ಕೆ ಕರೆದಿದ್ದಳು. ರಜೆ ಹಾಕಿ, ಹೊಸ ಪಾತ್ರೆ ತಂದು, ಈರುಳ್ಳಿ ಸೋಕಿಸದೆ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಮಾಡಿದ್ದಳು. ಅತ್ತೆ "ನನಗ ಹಸಿವಿಲ್ಲವಾ" ಅಂತ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ನೀರೂ ಮುಟ್ಟಲಿಲ್ಲ. ಅವಳು ಸುಲಿದು ಕೊಟ್ಟ ಬಾಳೆಹಣ್ಣೂ ಬೇಡವೆಂದರು. ಆಮೇಲೆ ಶಶಿ ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದಳು. ಕೇಳಿದರೆ, "ನಿಮ್ಮತ್ತಿ ಊರಿಗೆ ಹೋದ ಮ್ಯಾಲೆ ಬರ್ತೀನಿ ಬಿಡು."

ಅವಳು ನನ್ನ ಕೈ ತಪ್ಪಿ ಹೋಗುತ್ತಾಳೆ ಅಂತ ನನಗೆ ಭಯವಾಗಿತ್ತು. ಅತ್ತೆ ಹೊರಡುವ ಮುಂಚೆ ಇಬ್ಬರೂ ಒಮ್ಮೆ ಒಟ್ಟಿಗೆ ಕೂರಲಿ ಅನ್ನುವುದೊಂದೇ ಆಸೆ.

ಶಶಿಗೆ ಫೋನ್ ಮಾಡಿದೆ. "ನನಗ ಕುರ್ಚಿ ಎಲ್ಲಿ ಹಾಕ್ತಾರಂತ?" ಅಂದಳು. "ಚಪ್ಪರಕ್ಕೆ ಬಾಗಿಲೇ ಇಲ್ಲ ಕಣೇ, ಬಾ" ಅಂದೆ. ಅತ್ತೆಗೂ ಮೊದಲೇ ಹೇಳಿದೆ, ಶಶಿ ಬರುತ್ತಾಳೆ ಅಂತ. ಅತ್ತೆ, "ಬರಲಿ. ನಾ ಏನ್ ಆಕೀನ್ನ ಬ್ಯಾಡ ಅಂದೀನೇನು?" ಅಂದರು.

ಬಾಯಿ ಸುಮ್ಮನಿರಬೇಕಲ್ಲ? "ಅತ್ತೆ, ರೂತ್ ಕೂಡ ನನ್ನ ಕಡುಬು ತಿನ್ನಲಿಲ್ಲ. ಆದರೆ ಯಾಕೆ ಅಂತ ಬಾಗಿಲಲ್ಲೇ ಹೇಳಿ, ಒಳಗೆ ಬಂದು, ಸೋಫಾದಲ್ಲಿ ಕೂತು, ನೀರು ಕುಡಿದು, ಕೈ ಹಿಡಿದು ಹೋದರು. ನೀವು ಶಶಿ ಮನೆಯಲ್ಲಿ ನೀರೂ ಮುಟ್ಟಲಿಲ್ಲ. ಅದು ಪಾತ್ರೆಯ ಮಡಿನಾ, ಶಶಿಯ ಜಾತಿಯ ಮಡಿನಾ?"

ಆ ದಿನ ನನಗೆ ಟೀ ಬರಲಿಲ್ಲ. ಮಡಿ ಅನ್ನುವ ಒಂದು ಮಾತಿನಲ್ಲಿ ನಾವು ಎಷ್ಟು ಜನರನ್ನು ಹೊಸಿಲ ಆಚೆ ನಿಲ್ಲಿಸಿದ್ದೇವೆ ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು. ಶಶಿಗೆ ಗೊತ್ತಿರುವಷ್ಟು ನಮ್ಮಿಬ್ಬರಿಗೂ ಗೊತ್ತಿಲ್ಲ.

ಹಬ್ಬದ ಸಂಜೆ ಚಪ್ಪರದೊಳಗೆ ಒಂದೇ ಉದ್ದನೆಯ ಬೆಂಚು. ಒತ್ತಿಕೊಂಡು ಕೂರಬೇಕು. ರೂತ್ ತಾವೇ ಜಾಗ ಹೇಳಿದರು. ಮೊದಲು ನನ್ನ ಗಂಡ ಮತ್ತು ಮಗಳು, ಆಮೇಲೆ ನಾನು, ಆಮೇಲೆ ಅತ್ತೆ, ಅತ್ತೆಯ ಪಕ್ಕ ಶಶಿ. ಅತ್ತೆ ಸೆರಗು ಸರಿಮಾಡಿಕೊಂಡರು, ಕೂತರು. ರೂತ್ ಬ್ರೆಡ್ಡು, ಸೂಪು ನಮ್ಮ ಮುಂದಿಟ್ಟು, ಅತ್ತೆಯ ಮುಂದೆ ಮಾತ್ರ ತಮ್ಮ ಗಿಡದ ಇಡೀ ದಾಳಿಂಬೆ ಇಟ್ಟರು. ಮುರಿಯದ್ದು, ಹೆಚ್ಚದ್ದು. "ಇದಕ್ಕೆ ಪಾತ್ರೆ ಬೇಡ, ನನ್ನ ನಿಯಮಕ್ಕೂ ಸರಿ, ಅವರ ನಿಯಮಕ್ಕೂ ಸರಿ ಅಲ್ಲವಾ?" ಅಂತ ಕೇಳಿದರು. ಮಗಳು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು. ಅತ್ತೆಯ ಕಣ್ಣು ತುಂಬಿಬಂತು. ಈ ದೇಶಕ್ಕೆ ಬಂದ ಮೇಲೆ ಅವರ ಶಿಸ್ತನ್ನು ನೋಡಿ ನಗದೆ, ಅದಕ್ಕೊಂದು ತಟ್ಟೆ ಹಾಕಿದವರು ರೂತ್ ಒಬ್ಬರೇ.

ಆದರೆ ಅತ್ತೆಯ ಬೆರಳಿಗೆ ಸಂಧಿವಾತ. ಸಿಪ್ಪೆ ಬಿಡಿಸಲು ಆಗಲಿಲ್ಲ. ಉಗುರು ಜಾರಿತು, ಹಣ್ಣು ಉರುಳಿತು. ಪಕ್ಕದಲ್ಲಿದ್ದ ಶಶಿ ಅದನ್ನು ಹಿಡಿದಳು. ರೂತ್ ಜೊತೆ ಮಾತಾಡುತ್ತಲೇ ಮುರಿದು, ಕಾಳು ಬಿಡಿಸಿ, ಒಂದು ಹಿಡಿ ಅತ್ತೆಯ ಕಡೆ ಚಾಚಿದಳು. ಯಾವ ಮನೆಯಲ್ಲೂ ಹಿರಿಯರ ಪಕ್ಕ ಕೂತವರು ಮಾಡುವ ಕೆಲಸ ಅದು. ಚಾಚಿದ ಮೇಲೆ ಆ ಬಾಳೆಹಣ್ಣು ನೆನಪಾಯಿತು. ಕೈ ತಟ್ಟನೆ ಹಿಂದಕ್ಕೆ ಹೋಯಿತು.

ಅತ್ತೆ ಆ ಕೈಯನ್ನೇ ನೋಡಿದರು. ಮುಖ ಕಪ್ಪಿಟ್ಟಿತು. ನಂತರ ತಮ್ಮ ಅಂಗೈ ಒಡ್ಡಿ, "ಯಾಕ ಹಿಂದಕ ತಗೊಂಡಿ? ಹಾಕು, ತಾಯಿ" ಅಂದರು. ಶಶಿ ಹಾಕಿದಳು. ಅತ್ತೆ ಬಾಯಿಗೆ ಹಾಕಿಕೊಂಡು, ಅಗಿದು, "ಭಾಳ ಸಿಹಿ ಅವ. ಇನ್ನೊಂದಿಷ್ಟು ಬಿಡಿಸು" ಅಂದರು. ಶಶಿ ತಲೆ ಬಗ್ಗಿಸಿ ಇಡೀ ಹಣ್ಣು ಬಿಡಿಸಿದಳು. ಬೆರಳೆಲ್ಲ ಕೆಂಪು.

ಮನೆಗೆ ಬಂದು ಫೋನಿನಲ್ಲಿ ನೆಂಟರಿಗೆಲ್ಲ ಈ ಕಥೆ ಹೇಳಿದಾಗಿನಿಂದ ಎಲ್ಲರೂ ನಮ್ಮತ್ತೆಯನ್ನೇ ಹೊಗಳುತ್ತಿದ್ದಾರೆ. ನಾನೂ ಹೊಗಳುತ್ತೇನೆ, ಆ ವಯಸ್ಸಿನಲ್ಲಿ ಅಂಗೈ ಒಡ್ಡುವುದು ಸುಲಭವಲ್ಲ. ಆದರೆ ಹಣ್ಣು ಕೊಡಲು ಹೋದ ಶಶಿಯ ಕೈಗೆ, ಹಾಗೆ ತಾನಾಗಿಯೇ ಹಿಂದಕ್ಕೆ ಹೋಗುವುದನ್ನು ಕಲಿಸಿದವರು ಯಾರು?